ಥಾಯ್ಲೆಂಡಲ್ಲಿ ರಿಟೈರ್ಡ್ ಲೈಫ್: ವೀಸಾ, 8 ಲಕ್ಷ ಬಾತ್, 90 ದಿನದ ರಿಪೋರ್ಟು, ಶುರುವಿಂದ ಕೊನೆವರೆಗೂ

ಬೆಂಗಳೂರಿಂದ ಬ್ಯಾಂಕಾಕ್‌ಗೆ ಹೆಚ್ಚುಕಮ್ಮಿ ನಾಲ್ಕು ಗಂಟೆ ಫ್ಲೈಟು, ಟೈಮಲ್ಲಿ ಒಂದೂವರೆ ಗಂಟೆ ವ್ಯತ್ಯಾಸ, ಹವಾ ಮಂಗಳೂರಿನ ಥರ, ಆಸ್ಪತ್ರೆಗಳು ಚೆನ್ನಾಗಿವೆ. ಹಾಗಾಗಿ ಐವತ್ತು ದಾಟಿದವ್ರು, ವಿಆರ್‌ಎಸ್ ತಗೊಂಡವ್ರು, ಅಮೆರಿಕಾದಲ್ಲಿ ದುಡಿದು ಸುಸ್ತಾಗಿರೋ ನಮ್ಮವ್ರು ಎಲ್ಲರೂ ಒಂದೇ ಪ್ರಶ್ನೆ ಕೇಳ್ತಾರೆ, ಅಲ್ಲಿ ವರ್ಷಗಟ್ಲೆ ಇರೋಕೆ ಏನ್ ಮಾಡ್ಬೇಕು ಅಂತ. ನನ್ನ ಪ್ರಕಾರ ವೀಸಾ ಸಿಗೋದು ಅಂಥ ಕಷ್ಟ ಏನಲ್ಲ. ಸಿಕ್ಕಿದ ಮೇಲೆ ತಾರೀಕುಗಳನ್ನ ನಿಭಾಯಿಸೋದೇ ಕಷ್ಟ. ಯಾವ ದಿನ ಅಕೌಂಟಲ್ಲಿ ಎಷ್ಟಿರ್ಬೇಕು, ಯಾವ ದಿನದೊಳಗೆ ರಿಪೋರ್ಟ್ ಮಾಡ್ಬೇಕು, ದೇಶ ಬಿಟ್ಟು ಹೋಗೋ ಮುಂಚೆ ಯಾವ ಸ್ಟ್ಯಾಂಪ್ ಬೇಕು, ಇದರಲ್ಲಿ ಒಂದು ತಪ್ಪಿದ್ರೂ ಮತ್ತೆ ಮೊದಲಿಂದ ಶುರು. ಅದಕ್ಕೆ ಕೆಳಗೆ ತಾರೀಕಿನ ವಿಷಯ ಬಂದಲ್ಲೆಲ್ಲ ಸ್ವಲ್ಪ ಜಾಸ್ತಿನೇ ಬರ್ದಿದೀನಿ. ಇನ್ನೊಂದು, ಥಾಯ್ ಇಮಿಗ್ರೇಷನ್‌ನವ್ರು ನಿಯಮ ಆಗಾಗ ಬದಲಾಯಿಸ್ತಾರೆ, ಒಂದು ಆಫೀಸಲ್ಲಿ ನಡೆಯೋದು ಇನ್ನೊಂದ್ರಲ್ಲಿ ನಡೆಯಲ್ಲ, ದುಡ್ಡು ಕಳಿಸೋ ಮುಂಚೆ ನೀವು ಇರೋ ಜಿಲ್ಲೆಯ ಆಫೀಸಲ್ಲಿ ಒಂದ್ಸಲ ವಿಚಾರಿಸಿ.

1. ಮೊದಲು ದಾರಿ ಯಾವುದು ಅಂತ ತೀರ್ಮಾನ ಮಾಡಿ

ಬಹಳ ಜನ ಹೋಗೋ ದಾರಿ ನಾನ್-ಇಮಿಗ್ರೆಂಟ್ ಒ (ಇಂಗ್ಲಿಷಿನ O) ಅನ್ನೋ ವೀಸಾ. ವಯಸ್ಸು 50 ಆಗಿರ್ಬೇಕು. ಮೊದಲು 90 ದಿನ ಸಿಗುತ್ತೆ, ಆಮೇಲೆ ಥಾಯ್ಲೆಂಡ್ ಒಳಗೇ ಒಂದೊಂದು ವರ್ಷದಂತೆ ಎಕ್ಸ್‌ಟೆನ್ಷನ್ ಮಾಡಿಸ್ಕೊಂಡು ಹೋಗೋದು. ಷರತ್ತು: ಥಾಯ್ ಬ್ಯಾಂಕಲ್ಲಿ 8 ಲಕ್ಷ ಬಾತ್ ಇರ್ಬೇಕು, ಇಲ್ಲಾಂದ್ರೆ ತಿಂಗಳಿಗೆ 65,000 ಬಾತ್ ಆದಾಯ ತೋರಿಸ್ಬೇಕು, ಅಥವಾ ಎರಡೂ ಸೇರಿ ವರ್ಷಕ್ಕೆ 8 ಲಕ್ಷ ಆಗ್ಬೇಕು. ಬಾತ್‌ಗೆ ಎರಡೂಮುಕ್ಕಾಲು ರೂಪಾಯಿ ಅಂತ ಹಿಡಿದ್ರೆ 8 ಲಕ್ಷ ಬಾತ್ ಅಂದ್ರೆ 22 ಲಕ್ಷ ರೂಪಾಯಿ. ನಮ್ಮ ಪೆನ್ಷನ್‌ನಲ್ಲಿ ತಿಂಗಳಿಗೆ 65,000 ಬಾತ್, ಅಂದ್ರೆ ಸುಮಾರು 1.8 ಲಕ್ಷ ರೂಪಾಯಿ, ತೋರಿಸೋದು ಎಷ್ಟು ಜನಕ್ಕೆ ಆಗುತ್ತೆ ಹೇಳಿ. ಜೊತೆಗೆ ಆದಾಯದ ದಾರೀಲಿ ಪ್ರತಿ ತಿಂಗಳೂ ಹೊರದೇಶದಿಂದ ದುಡ್ಡು ಬಂದಿರೋ ದಾಖಲೆ ಕೇಳ್ತಾರೆ. ಮುಂಚೆ ಎಂಬಸಿಯಿಂದ ಒಂದು ಲೆಟರ್ ತಂದ್ರೆ ಸಾಕಿತ್ತು, 2019ರಿಂದ ಅಮೆರಿಕ, ಬ್ರಿಟನ್, ಆಸ್ಟ್ರೇಲಿಯಾ ಎಂಬಸಿಗಳು ಆ ಲೆಟರ್ ಕೊಡೋದೇ ನಿಲ್ಲಿಸಿದ್ವು. ಹಾಗಾಗಿ ಮೊದಲ ವರ್ಷಕ್ಕೆ ಡೆಪಾಸಿಟ್ಟೇ ಸಲೀಸು.

ಎರಡನೇದು ಒ-ಎ (O-A) ವೀಸಾ. ಇದನ್ನ ನಿಮ್ಮ ದೇಶದಿಂದಲೇ ಅಪ್ಲೈ ಮಾಡ್ಬೇಕು. ಲಾಭ ಏನಂದ್ರೆ ಅಪ್ಲೈ ಮಾಡುವಾಗ 8 ಲಕ್ಷ ಬಾತ್‌ಗೆ ಸಮನಾದ ದುಡ್ಡು ನಿಮ್ಮ ಊರಿನ ಬ್ಯಾಂಕಲ್ಲೇ ಇದ್ರೂ ನಡೆಯುತ್ತೆ, ಬಂದಾಗ ಒಂದು ವರ್ಷದ ಸ್ಟ್ಯಾಂಪ್ ಬೀಳುತ್ತೆ, ವೀಸಾ ಮುಗಿಯೋ ಸ್ವಲ್ಪ ಮುಂಚೆ ಹೊರಗೆ ಹೋಗಿ ವಾಪಸ್ ಬಂದ್ರೆ ಇನ್ನೊಂದು ವರ್ಷ. ನಷ್ಟ: ಪೊಲೀಸ್ ಕ್ಲಿಯರೆನ್ಸ್ ಬೇಕು, ಕುಷ್ಠ, ಟಿಬಿ, ಆನೆಕಾಲು ರೋಗ ಇತ್ಯಾದಿ ಇಲ್ಲ ಅಂತ ಮೆಡಿಕಲ್ ಸರ್ಟಿಫಿಕೇಟ್ ಬೇಕು, ಮುಖ್ಯವಾಗಿ ಹೆಲ್ತ್ ಇನ್ಶೂರೆನ್ಸ್ ಬೇಕು. ಇದು 2019ರ ಅಕ್ಟೋಬರ್ 31ರಿಂದ ಕಡ್ಡಾಯ ಆಯ್ತು, ಶುರುವಲ್ಲಿ ಒಳರೋಗಿಗೆ 4 ಲಕ್ಷ ಬಾತ್, ಹೊರರೋಗಿಗೆ 40,000 ಬಾತ್ ಕವರ್ ಇದ್ರೆ ಸಾಕಿತ್ತು, ಆಮೇಲೆ 1 ಲಕ್ಷ ಡಾಲರ್‌ಗೆ ಏರಿಸಿದ್ರು. ಎಪ್ಪತ್ತು ದಾಟಿದವ್ರಿಗೆ ಅಂಥ ಪಾಲಿಸಿ ಕೊಡೋರನ್ನ ಹುಡುಕೋದೇ ಒಂದು ಕೆಲಸ. ಒ ವೀಸಾದ ಮೇಲೆ ರಿಟೈರ್ಮೆಂಟ್ ಎಕ್ಸ್‌ಟೆನ್ಷನ್ ತಗೊಳೋರಿಗೆ ಈ ಇನ್ಶೂರೆನ್ಸ್ ಷರತ್ತು ಇಲ್ಲ. ಎ ಅನ್ನೋ ಒಂದಕ್ಷರಕ್ಕೆ ಇಷ್ಟೊಂದು ವ್ಯತ್ಯಾಸ, ಫಾರ್ಮ್ ತುಂಬುವಾಗ ನೋಡ್ಕೊಂಡು ಕ್ಲಿಕ್ ಮಾಡಿ.

ಒ-ಎಕ್ಸ್ ಅಂತ ಇನ್ನೊಂದಿದೆ, ಐದೈದು ವರ್ಷ ಸೇರಿ ಹತ್ತು ವರ್ಷ. ಆದ್ರೆ 14 ದೇಶಗಳ ಪಾಸ್‌ಪೋರ್ಟ್‌ಗೆ ಮಾತ್ರ, ಭಾರತ ಆ ಪಟ್ಟಿಲಿಲ್ಲ. ಅಮೆರಿಕ, ಬ್ರಿಟನ್, ಕೆನಡಾ, ಆಸ್ಟ್ರೇಲಿಯಾ ಪಾಸ್‌ಪೋರ್ಟ್ ತಗೊಂಡಿರೋ ಕನ್ನಡಿಗರಿಗೆ ಇದು ಸಿಗುತ್ತೆ, ಓಸಿಐ ಕಾರ್ಡಿಗೂ ಇದಕ್ಕೂ ಸಂಬಂಧ ಇಲ್ಲ.

ದುಡ್ಡಿರೋರಿಗೆ ಎಲ್‌ಟಿಆರ್, ಅಂದ್ರೆ ಲಾಂಗ್ ಟರ್ಮ್ ರೆಸಿಡೆಂಟ್ ವೀಸಾ. 2022ರ ಸೆಪ್ಟೆಂಬರ್ 1ಕ್ಕೆ ಶುರುವಾಯ್ತು, ಹತ್ತು ವರ್ಷ, ಫೀಸು 50,000 ಬಾತ್. ಪೆನ್ಷನ್, ಬಾಡಿಗೆ, ಡಿವಿಡೆಂಡ್ ಥರದ ಆದಾಯ ವರ್ಷಕ್ಕೆ 80,000 ಡಾಲರ್ ಇರ್ಬೇಕು, 40,000 ಮೇಲಿದ್ದು 80,000ಕ್ಕೆ ಕಮ್ಮಿ ಇದ್ರೆ ಥಾಯ್ಲೆಂಡಲ್ಲಿ 2.5 ಲಕ್ಷ ಡಾಲರ್ ಹೂಡಿಕೆ ಮಾಡ್ಬೇಕು. 90 ದಿನದ ರಿಪೋರ್ಟ್ (ಎಲ್ಲಿ ಇದೀವಿ ಅಂತ ಇಮಿಗ್ರೇಷನ್‌ಗೆ ತಿಳಿಸೋದು) ಬದಲು ವರ್ಷಕ್ಕೊಂದು ರಿಪೋರ್ಟ್, ಹೊರದೇಶದ ಆದಾಯಕ್ಕೆ ಅಲ್ಲಿ ಟ್ಯಾಕ್ಸ್ ವಿನಾಯಿತಿ. ಅರ್ಹತೆ ಇದ್ರೆ ಕಣ್ಮುಚ್ಚಿ ಇದನ್ನೇ ತಗೊಳ್ಳಿ. ಥಾಯ್ಲೆಂಡ್ ಪ್ರಿವಿಲೇಜ್ ಅನ್ನೋ ಮೆಂಬರ್‌ಶಿಪ್ ಕೂಡ ಇದೆ, ಹಿಂದೆ ಎಲೀಟ್ ಅಂತಿದ್ರು, 6.5 ಲಕ್ಷ ಬಾತ್ ಕಟ್ಟಿದ್ರೆ ಐದು ವರ್ಷ, ವಯಸ್ಸಿನ ಕೇಳಿಕೆ ಇಲ್ಲ, ಆದ್ರೆ ಆ ದುಡ್ಡು ವಾಪಸ್ ಬರಲ್ಲ. ಬ್ಯಾಂಕಲ್ಲಿಟ್ಟ 8 ಲಕ್ಷ ನಿಮ್ದೇ ಆಗಿರುತ್ತೆ, ಇದು ಕೊಟ್ಟಂಗೆ. ಐವತ್ತು ಆಗದೇ ಇರೋರಿಗೆ ಮಾತ್ರ ಅರ್ಥ ಇದೆ.

ಇನ್ಮುಂದೆ ಬರ್ದಿರೋದೆಲ್ಲ ನಾನ್-ಇಮಿಗ್ರೆಂಟ್ ಒ ದಾರಿಗೆ, ಚಿಕ್ಕದಾಗಿ ನಾನ್-ಒ ಅಂತೀನಿ.

2. ಊರಲ್ಲೇ ಮುಗಿಸ್ಕೊಂಡು ಹೋಗಬೇಕಾದ್ದು

ಹೆಸರು. ನಮ್ಮಲ್ಲಿ ಅರ್ಧ ಜನಕ್ಕೆ ಇನಿಷಿಯಲ್ ಇರುತ್ತೆ, ಬ್ಯಾಂಕಲ್ಲಿ ಹೆಚ್ ಕೆ ಅಂತ ಮುಂದೆ, ಪಾಸ್‌ಪೋರ್ಟಲ್ಲಿ ಊರಿನ ಹೆಸರು, ಅಪ್ಪನ ಹೆಸರು ಬಿಡಿಸಿ ಹಿಂದೆ, ಪೆನ್ಷನ್ ಪುಸ್ತಕದಲ್ಲಿ ಇನ್ನೊಂದು ಥರ. ಥಾಯ್ ಬ್ಯಾಂಕಿನವ್ರು ಪಾಸ್‌ಪೋರ್ಟಲ್ಲಿ ಇರೋದನ್ನ ಅಕ್ಷರಕ್ಕಕ್ಷರ ಇಳಿಸ್ಕೋತಾರೆ, ಅಲ್ಲಿ ಸರ್‌ನೇಮ್ ಜಾಗ ಖಾಲಿ ಇದ್ರೆ ಪ್ರತಿ ಫಾರ್ಮಲ್ಲೂ ತಕರಾರು. ಇಲ್ಲಿಂದ ದುಡ್ಡು ಕಳಿಸೋ ಅಕೌಂಟಿನ ಹೆಸರು ಅಲ್ಲಿಯ ಹೆಸರಿಗೆ ಹೊಂದಬೇಕು. ಹಾಗಾಗಿ ಮೊದಲು ಪಾಸ್‌ಪೋರ್ಟು, ಅದರ ಪ್ರಕಾರ ಪ್ಯಾನ್, ಆಧಾರ್, ಬ್ಯಾಂಕು, ಈ ಕ್ರಮದಲ್ಲಿ ಸರಿ ಮಾಡಿಸ್ಕೊಳ್ಳಿ.

ಮದುವೆ ಸರ್ಟಿಫಿಕೇಟು. ಮನೆಯವ್ರು ನಿಮ್ಮ ಡಿಪೆಂಡೆಂಟ್ ಆಗಿ ಬರೋದಾದ್ರೆ ಅವ್ರಿಗೆ ಬೇರೆ 8 ಲಕ್ಷ ಬೇಕಿಲ್ಲ, ವಯಸ್ಸು 50 ಆಗಿರ್ಬೇಕು ಅಂತಾನೂ ಇಲ್ಲ, ಆದ್ರೆ ಮದುವೆ ಆಗಿರೋ ದಾಖಲೆ ಬೇಕು. ಎಂಬತ್ತರ ದಶಕದಲ್ಲಿ ಛತ್ರದಲ್ಲಿ ಮದುವೆ ಆದವ್ರ ಹತ್ರ ಲಗ್ನಪತ್ರಿಕೆ, ಕಪ್ಪುಬಿಳುಪು ಆಲ್ಬಮ್ ಬಿಟ್ರೆ ಏನಿರುತ್ತೆ? ಸಬ್ ರಿಜಿಸ್ಟ್ರಾರ್ ಆಫೀಸಲ್ಲಿ ಈಗ ರಿಜಿಸ್ಟರ್ ಮಾಡಿಸಿ, ಸರ್ಟಿಫಿಕೇಟ್‌ಗೆ ವಿದೇಶಾಂಗ ಇಲಾಖೆ ಮುದ್ರೆ, ಅದರ ಮೇಲೆ ಥಾಯ್ ಎಂಬಸಿ ಮುದ್ರೆ, ಆಮೇಲೆ ಥಾಯ್ ಅನುವಾದ, ಇಷ್ಟು ಮೆಟ್ಟಿಲು. ಎರಡು ತಿಂಗಳು ಕೈಲಿಟ್ಕೊಂಡೇ ಶುರು ಮಾಡಿ.

ಬ್ಯಾಂಕು. ಯಾವಾಗ ವಾಪಸ್ ಬರ್ತೀವಿ ಅಂತ ಗೊತ್ತಿಲ್ಲದೇ ಹೊರದೇಶದಲ್ಲಿ ನೆಲೆಸೋಕೆ ಹೋದ್ರೆ ಫೆಮಾ (ನಮ್ಮ ವಿದೇಶಿ ವಿನಿಮಯ ಕಾನೂನು) ಪ್ರಕಾರ ನೀವು ಅನಿವಾಸಿ, ಸೇವಿಂಗ್ಸ್ ಅಕೌಂಟನ್ನ ಎನ್‌ಆರ್‌ಒ, ಅಂದ್ರೆ ಅನಿವಾಸಿಗಳ ರೂಪಾಯಿ ಅಕೌಂಟ್, ಮಾಡಿಸ್ಬೇಕು. ಇರೋ ಪಿಪಿಎಫ್ ಅವಧಿ ಮುಗಿಯೋವರೆಗೂ ನಡೆಸ್ಬಹುದು, ಹೊಸದು ತೆಗೆಯೋಕಾಗಲ್ಲ. ಪೆನ್ಷನ್‌ನವ್ರು ನವೆಂಬರ್‌ನ ಲೈಫ್ ಸರ್ಟಿಫಿಕೇಟ್ ಮರೀಬೇಡಿ, ಬ್ಯಾಂಕಾಕ್‌ನ ಸುಖುಮ್ವಿತ್ ಸೋಯ್ (ಅಡ್ಡರಸ್ತೆ) 23ರಲ್ಲಿರೋ ನಮ್ಮ ಎಂಬಸಿನೋ ಚಿಯಾಂಗ್ ಮೈನಲ್ಲಿರೋ ಕಾನ್ಸುಲೇಟೋ ಹತ್ರ ಆಗುತ್ತೆ ನೋಡ್ಕೊಳ್ಳಿ.

3. ಆ 22 ಲಕ್ಷ ಕಳಿಸೋದು ಹೇಗೆ

ಇಲ್ಲಿ ಇನ್ನೂ ನಿವಾಸಿ ಆಗಿದ್ದಾಗ ಕಳಿಸಿದ್ರೆ ಎಲ್‌ಆರ್‌ಎಸ್ (ನಿವಾಸಿಗಳು ಹೊರದೇಶಕ್ಕೆ ದುಡ್ಡು ಕಳಿಸೋ ಆರ್‌ಬಿಐ ಸ್ಕೀಮು) ಅಡಿ ಹೋಗುತ್ತೆ, ಒಬ್ಬರಿಗೆ ಒಂದು ಹಣಕಾಸು ವರ್ಷಕ್ಕೆ 2.5 ಲಕ್ಷ ಡಾಲರ್ ಮಿತಿ, ಅದರ ಚಿಂತೆ ಬೇಡ. ಚಿಂತೆ ಇರೋದು ಟಿಸಿಎಸ್‌ದು, ಅಂದ್ರೆ ಕಳಿಸುವಾಗಲೇ ಬ್ಯಾಂಕು ಹಿಡ್ಕೊಳ್ಳೋ ತೆರಿಗೆ. 2025ರ ಏಪ್ರಿಲ್‌ನಿಂದ ವರ್ಷಕ್ಕೆ 10 ಲಕ್ಷ ರೂಪಾಯಿ ದಾಟಿದ ಮೊತ್ತಕ್ಕೆ 20% ಹಿಡ್ಕೋತಾರೆ. 22 ಲಕ್ಷ ಒಂದೇ ಸಲ ಕಳಿಸಿದ್ರೆ 12 ಲಕ್ಷದ ಮೇಲೆ 2.4 ಲಕ್ಷ ಹೋಯ್ತು. ರಿಟರ್ನ್ ಫೈಲ್ ಮಾಡಿದ್ರೆ ಅಡ್ಜಸ್ಟ್ ಆಗುತ್ತೆ ನಿಜ, ಆದ್ರೆ ಅಷ್ಟು ತಿಂಗಳು ದುಡ್ಡು ಸಿಕ್ಕಾಕೊಂಡಿರುತ್ತೆ. ಮಾರ್ಚ್ ಕೊನೇಲಿ 10 ಲಕ್ಷ, ಏಪ್ರಿಲ್ ಶುರುವಲ್ಲಿ ಮಿಕ್ಕಿದ್ದು ಅಂತ ಕಳಿಸಿದ್ರೆ 2 ಲಕ್ಷದ ಮೇಲೆ ಮಾತ್ರ, ಅಂದ್ರೆ 40,000 ರೂಪಾಯಿ. ಅದಕ್ಕೇ ಹೊರಡೋ ಪ್ಲಾನ್ ಫೆಬ್ರವರಿ ಮಾರ್ಚ್‌ನಲ್ಲಿ ಹಾಕ್ಕೊಳ್ಳೋದು ಜಾಣತನ. ಅನಿವಾಸಿ ಆದ್ಮೇಲೆ ಎನ್‌ಆರ್‌ಒದಿಂದ ಕಳಿಸಿದ್ರೆ ಎಲ್‌ಆರ್‌ಎಸ್ ಲೆಕ್ಕಕ್ಕೇ ಬರಲ್ಲ, ಟಿಸಿಎಸ್ಸೂ ಇಲ್ಲ, ಆದ್ರೆ ಸಿಎ ಸರ್ಟಿಫಿಕೇಟ್, ಬ್ಯಾಂಕ್ ಫಾರ್ಮು ಅಂತ ಓಡಾಟ ಇದೆ.

ಕಳಿಸುವಾಗ ರೂಪಾಯಿಯನ್ನ ಬಾತ್ ಮಾಡಿ ಕಳಿಸೋಕೆ ಹೋಗ್ಬೇಡಿ, ಡಾಲರಲ್ಲಿ ಕಳಿಸಿ, ಅಲ್ಲಿಯ ಬ್ಯಾಂಕು ಬಾತ್ ಮಾಡ್ಕೊಳ್ಳಲಿ. ದುಡ್ಡು ಹೊರದೇಶದಿಂದ ಬಂತು ಅನ್ನೋ ದಾಖಲೆ ಅಲ್ಲಿ ಉಳಿಯೋದು ಮುಖ್ಯ. ಜೇಬಲ್ಲಿ ಕ್ಯಾಶ್ ತಗೊಂಡ್ ಹೋಗಿ ಡೆಪಾಸಿಟ್ ಮಾಡಿದ್ರೆ ಮೊದಲ ಸಲ ಒಪ್ಪಲ್ಲ.

4. ನಾನ್-ಒ ತಗೊಳೋದು

ಎರಡು ದಾರಿ. ಒಂದು, ಇಲ್ಲಿಂದಲೇ. 2025ರ ಜನವರಿ 1ರಿಂದ ಭಾರತದಲ್ಲಿ ಥಾಯ್ ಇ-ವೀಸಾ ಬಂದಿದೆ, ಆನ್‌ಲೈನಲ್ಲೇ ಅಪ್ಲೈ ಮಾಡೋದು, ಪಾಸ್‌ಪೋರ್ಟ್ ಹಿಡ್ಕೊಂಡು ಚೆನ್ನೈಗೆ ಓಡೋದು ತಪ್ಪಿತು. ಇನ್ನೊಂದು, ಟೂರಿಸ್ಟ್ ಥರ ಹೋಗಿ ಅಲ್ಲೇ ಬದಲಾಯಿಸ್ಕೊಳ್ಳೋದು. ವೀಸಾ ಇಲ್ಲದೇ ಬಂದಿದ್ರೆ ಟಿಎಂ 87 ಫಾರ್ಮು, ಟೂರಿಸ್ಟ್ ವೀಸಾದಲ್ಲಿ ಬಂದಿದ್ರೆ ಟಿಎಂ 86, ಫೀಸು 2,000 ಬಾತ್. ಅಪ್ಲೈ ಮಾಡೋ ದಿನ ನಿಮ್ಮ ಸ್ಟ್ಯಾಂಪಲ್ಲಿ ಕನಿಷ್ಠ 15 ದಿನ ಬಾಕಿ ಇರ್ಬೇಕು, ಇನ್ನೂ ಜಾಸ್ತಿ ಇದ್ರೆ ಒಳ್ಳೇದು, ಯಾಕಂದ್ರೆ ಒಂದು ಪೇಪರ್ ಕಮ್ಮಿ ಅಂತ ವಾಪಸ್ ಕಳಿಸಿದ್ರೆ ಸರಿಮಾಡ್ಕೊಂಡು ಬರೋಕೆ ಟೈಮ್ ಬೇಕಲ್ಲ. ಭಾರತೀಯರಿಗೆ 2024ರ ಜುಲೈನಲ್ಲಿ ವೀಸಾ ಇಲ್ಲದೇ 60 ದಿನ ಅಂತ ಮಾಡಿದ್ರು, ಇಂಥ ರಿಯಾಯಿತಿ ಯಾವಾಗ ಬೇಕಾದ್ರೂ ಕಮ್ಮಿ ಆಗಬಹುದು, ಟಿಕೆಟ್ ಬುಕ್ ಮಾಡೋ ದಿನ ಚೆಕ್ ಮಾಡಿ.

ಹೊರಡೋ ಮುಂಚೆ ಟಿಡಿಎಸಿ ಅನ್ನೋ ಡಿಜಿಟಲ್ ಅರೈವಲ್ ಕಾರ್ಡ್ ತುಂಬಬೇಕು, 2025ರ ಮೇ 1ರಿಂದ ಕಡ್ಡಾಯ, ಇಳಿಯೋಕೆ ಮೂರು ದಿನದೊಳಗೆ, ಪುಕ್ಕಟೆ. ದುಡ್ಡು ಕೇಳೋ ಸೈಟ್ ಬಂದ್ರೆ ಅದು ಸರ್ಕಾರದ್ದಲ್ಲ. ಬ್ಯಾಂಕಾಕ್‌ನ ಸುವರ್ಣಭೂಮಿ ಏರ್‌ಪೋರ್ಟಲ್ಲಿ ಆಫೀಸರ್ ಸ್ಟ್ಯಾಂಪ್ ಹೊಡೆದು ಕೊಟ್ಟ ತಕ್ಷಣ ಕೌಂಟರ್ ಬಿಟ್ಟು ಕದಲೋ ಮುಂಚೆನೇ ಆ ತಾರೀಕು ಓದಿ. ನಾನ್-ಒದಲ್ಲಿ ಬಂದವ್ರಿಗೆ 90 ದಿನ ಬಿದ್ದಿರ್ಬೇಕು. ತಪ್ಪಿದ್ರೆ ಅಲ್ಲೇ ಹೇಳಿದ್ರೆ ಎರಡು ನಿಮಿಷದ ಕೆಲಸ, ಹೊರಗೆ ಬಂದ್ಮೇಲೆ ಅದೇ ದೊಡ್ಡ ತಲೆನೋವು.

5. ಬ್ಯಾಂಕ್ ಅಕೌಂಟು

ನಿಜವಾದ ಅಡ್ಡಿ ಇಲ್ಲೇ. ಟೂರಿಸ್ಟ್ ಅಂತ ಹೋದ್ರೆ ಬಹಳ ಬ್ರಾಂಚ್‌ಗಳು ಅಕೌಂಟ್ ತೆಗೆಯಲ್ಲ, ಅದೇ ಬ್ಯಾಂಕಿನ ಪಕ್ಕದ ಬ್ರಾಂಚಲ್ಲಿ ತೆಗೀತಾರೆ. ಬ್ಯಾಂಕಾಕ್ ಬ್ಯಾಂಕು, ಕಸಿಕೋರ್ನ್, ಇವು ಫಾರಿನರ್ಸ್ ಜಾಸ್ತಿ ಹೋಗೋವು. ಮನೆ ಬಾಡಿಗೆ ಕರಾರು, ಇಮಿಗ್ರೇಷನ್‌ನಿಂದ ವಾಸದ ಸರ್ಟಿಫಿಕೇಟು, ಥಾಯ್ ಸಿಮ್, ಇಷ್ಟು ಇದ್ರೆ ಮಾತು ಮುಂದಕ್ಕೆ ಹೋಗುತ್ತೆ. ನಾನ್-ಒ ಮೊದಲೇ ಕೈಲಿದ್ರೆ ಇನ್ನೂ ಸುಲಭ, ಅದಕ್ಕೇ ಇಂಡಿಯಾದಿಂದಲೇ ವೀಸಾ ತಗೊಂಡು ಹೋಗಿ ಅನ್ನೋದು ನನ್ನ ಸಲಹೆ.

ಅಕೌಂಟು ನಿಮ್ಮೊಬ್ಬರ ಹೆಸರಲ್ಲೇ ಇರ್ಬೇಕು. ಗಂಡ ಹೆಂಡ್ತಿ ಜಾಯಿಂಟ್ ಅಕೌಂಟ್ ನಮ್ಮಲ್ಲಿ ಮಾಮೂಲು, ಅಲ್ಲಿ ಈ ಕೆಲಸಕ್ಕೆ ಆಗಲ್ಲ. ಈ ದುಡ್ಡನ್ನ ದಿನದ ಖರ್ಚಿಗೆ ಮುಟ್ಟೋ ಅಕೌಂಟಲ್ಲಿ ಇಡ್ಬೇಡಿ, ಬೇರೆ ಒಂದು ಪಾಸ್‌ಬುಕ್ ಇಟ್ಕೊಂಡು ಅದರ ಎಟಿಎಂ ಕಾರ್ಡೇ ತಗೋಬೇಡಿ. ಬಡ್ಡಿ ತೀರಾ ಕಮ್ಮಿ, ನಮ್ಮ ಎಫ್‌ಡಿ ನೆನೆಸ್ಕೊಂಡ್ರೆ ಹೊಟ್ಟೆ ಉರಿಯುತ್ತೆ, ಆದ್ರೆ ಡೆಪಾಸಿಟ್ ಇನ್ಶೂರೆನ್ಸ್ ಒಂದು ಬ್ಯಾಂಕಿಗೆ 10 ಲಕ್ಷ ಬಾತ್‌ವರೆಗೂ ಇದೆ, ಅಸಲಿಗೆ ಭಯ ಇಲ್ಲ.

6. ತಾರೀಕಿನ ಲೆಕ್ಕ, ಇದನ್ನ ಎರಡು ಸಲ ಓದಿ

2019ರ ಮಾರ್ಚ್ 1ರಿಂದ ಜಾರಿಗೆ ಬಂದ ನಿಯಮ ಹೀಗೆ: ಎಕ್ಸ್‌ಟೆನ್ಷನ್‌ಗೆ ಅಪ್ಲೈ ಮಾಡೋ ದಿನಕ್ಕೆ 8 ಲಕ್ಷ ಬಾತ್ ಅಕೌಂಟಿಗೆ ಬಂದು ಎರಡು ತಿಂಗಳು ಆಗಿರ್ಬೇಕು, ಅಪ್ರೂವ್ ಆದ್ಮೇಲೂ ಮೂರು ತಿಂಗಳು ಅಷ್ಟೂ ಹಾಗೇ ಇರ್ಬೇಕು, ಆಮೇಲೆ ಬೇಕಾದ್ರೆ ತೆಗೀಬಹುದು ಆದ್ರೆ 4 ಲಕ್ಷಕ್ಕಿಂತ ಕೆಳಗೆ ಒಂದು ದಿನವೂ ಇಳೀಬಾರ್ದು. ಅಂದ್ರೆ ವರ್ಷದಲ್ಲಿ ಐದು ತಿಂಗಳು 8 ಲಕ್ಷ, ಮಿಕ್ಕ ಏಳು ತಿಂಗಳು ಕನಿಷ್ಠ 4 ಲಕ್ಷ.

ಉದಾಹರಣೆಗೆ ನಿಮ್ಮ ಸ್ಟ್ಯಾಂಪು ನವೆಂಬರ್ 10ಕ್ಕೆ ಮುಗಿಯುತ್ತೆ ಅಂತ ಇಟ್ಕೊಳ್ಳಿ. ಕೊನೆ 30 ದಿನದೊಳಗೆ ಅಪ್ಲೈ ಮಾಡ್ಬಹುದು, ಅಕ್ಟೋಬರ್ 15ಕ್ಕೆ ಹೋಗ್ತೀರಿ. ಹಾಗಾದ್ರೆ ಆಗಸ್ಟ್ 15ಕ್ಕಿಂತ ಮುಂಚೆ 8 ಲಕ್ಷ ಪೂರ್ತಿ ಆಗಿರ್ಬೇಕು, ನಾನಾದ್ರೆ ಆಗಸ್ಟ್ 5ಕ್ಕೇ ಮುಗಿಸ್ತೀನಿ. ಅಲ್ಲಿಂದ ಜನವರಿ ಮಧ್ಯದವರೆಗೂ ಮುಟ್ಟೋ ಹಾಗಿಲ್ಲ. ಮುಂಚೆ ಅಪ್ಲೈ ಮಾಡಿದ್ರೆ ದಿನ ನಷ್ಟ ಆಗಲ್ಲ, ಹೊಸ ವರ್ಷ ಹಳೇ ತಾರೀಕಿಂದಲೇ ಲೆಕ್ಕ. ಮೊದಲ ಸಲ 90 ದಿನದ ನಾನ್-ಒದಲ್ಲಿ ಬಂದವ್ರು ಇನ್ನೂ ಹುಷಾರಾಗಿರ್ಬೇಕು: ಎರಡು ತಿಂಗಳು ದುಡ್ಡು ಕೂತಿರ್ಬೇಕು ಅಂದ್ರೆ ಬಂದ ಮೂರು ವಾರದೊಳಗೆ ಅಕೌಂಟ್ ತೆಗೆದು ದುಡ್ಡು ಬಂದಾಗಿರ್ಬೇಕು. ಮನೆ ಹುಡುಕೋದು, ಊರು ಸುತ್ತೋದು ಆಮೇಲೆ.

7. ಎಕ್ಸ್‌ಟೆನ್ಷನ್ ದಿನ

ಇಮಿಗ್ರೇಷನ್ ಆಫೀಸು ಬ್ಯಾಂಕಾಕ್‌ನವ್ರಿಗೆ ಚೇಂಗ್ ವತ್ಥನ, ಪಟ್ಟಾಯದವ್ರಿಗೆ ಜೋಮ್ತಿಯನ್ ಸೋಯ್ 5, ಬೇರೆ ಕಡೆ ಆಯಾ ಜಿಲ್ಲೆ ಆಫೀಸು. ಬೆಳಿಗ್ಗೆ ಬ್ಯಾಂಕ್ ಬಾಗಿಲು ತೆಗೆಯುವಾಗಲೇ ಹೋಗಿ ಬ್ಯಾಂಕ್ ಲೆಟರ್ ತಗೊಳ್ಳಿ, 100 ಬಾತ್ ಅಕೌಂಟಿಗೆ ಹಾಕಿ ಪಾಸ್‌ಬುಕ್‌ನಲ್ಲಿ ಆ ದಿನದ ತಾರೀಕಿನ ಸಾಲು ಬರೋ ಹಾಗೆ ಎಂಟ್ರಿ ಹಾಕಿಸಿ. ನಿನ್ನೆ ತಾರೀಕಿನ ಪಾಸ್‌ಬುಕ್ ಹಿಡ್ಕೊಂಡು ಹೋದವ್ರನ್ನ ವಾಪಸ್ ಅಟ್ಟೋದು ಉಂಟು. ಬೇಕಾಗೋದು ಟಿಎಂ 7 ಫಾರ್ಮು, 4 x 6 ಸೆಂಟಿಮೀಟರ್ ಫೋಟೋ, ಪಾಸ್‌ಪೋರ್ಟ್ ಪುಟಗಳ ಝೆರಾಕ್ಸು, ಬ್ಯಾಂಕ್ ಲೆಟರ್, ಪಾಸ್‌ಬುಕ್ ಪ್ರತಿ ಪುಟದ ಝೆರಾಕ್ಸು, ಎರಡನೇ ವರ್ಷದಿಂದ 12 ತಿಂಗಳ ಸ್ಟೇಟ್‌ಮೆಂಟು, ಬಾಡಿಗೆ ಕರಾರು, ಟಿಎಂ 30 ರಸೀದಿ, ಮನೆಗೆ ಬರೋ ದಾರಿಯ ಮ್ಯಾಪು, 1,900 ಬಾತ್. ಎಲ್ಲ ಝೆರಾಕ್ಸ್ ಮೇಲೂ ನೀಲಿ ಇಂಕಲ್ಲಿ ಸೈನ್. ಕೆಲವು ಕಡೆ ಅದೇ ದಿನ ಸ್ಟ್ಯಾಂಪ್ ಕೊಡ್ತಾರೆ, ಕೆಲವು ಕಡೆ ಪರಿಶೀಲನೆಲಿದೆ ಅಂತ 30 ದಿನದ ಸ್ಟ್ಯಾಂಪ್ ಹೊಡೆದು ಮತ್ತೆ ಕರೀತಾರೆ.

ಟಿಎಂ 30 ಅಂದ್ರೆ ನಿಮ್ಮ ಮನೆಯಲ್ಲಿ ಫಾರಿನರ್ ಇದ್ದಾನೆ ಅಂತ ಮನೆ ಓನರ್ 24 ಗಂಟೆಯೊಳಗೆ ತಿಳಿಸೋದು. ಓನರ್ ಕೆಲಸ, ಆದ್ರೆ ಆಗಿಲ್ಲಾಂದ್ರೆ ನಿಲ್ಲೋದು ನಿಮ್ಮ ಫೈಲು. ಮನೆ ಹಿಡಿಯೋ ಮುಂಚೆನೇ ಕೇಳಿ, ಟಿಎಂ 30 ಮಾಡಲ್ಲ ಅನ್ನೋ ಓನರ್ ಮನೆ ಎಷ್ಟೇ ಚೆಂದ ಇದ್ರೂ ಬೇಡ.

ದುಡ್ಡಿಲ್ಲದಿದ್ರೂ ಪರವಾಗಿಲ್ಲ, ನಾವೇ ನಿಮ್ಮ ಅಕೌಂಟಿಗೆ ಹಾಕಿ ತೆಗೀತೀವಿ ಅನ್ನೋ ಏಜೆಂಟ್‌ಗಳು ಪ್ರತಿ ಊರಲ್ಲೂ ಇದಾರೆ. ಹೋಗ್ಬೇಡಿ. ಸಿಕ್ಕಿಬಿದ್ರೆ ಡಿಪೋರ್ಟ್ ಆಗೋದು ನೀವು, ಏಜೆಂಟ್ ಅಲ್ಲ.

8. ಆಮೇಲಿನ ವರ್ಷ ಪೂರ್ತಿ

90 ದಿನಕ್ಕೊಂದ್ಸಲ ಟಿಎಂ 47 ರಿಪೋರ್ಟು. ಪುಕ್ಕಟೆ. ತಾರೀಕಿಗೆ 15 ದಿನ ಮುಂಚಿಂದ 7 ದಿನ ಆದ್ಮೇಲಿನವರೆಗೂ ಮಾಡ್ಬಹುದು, ಮೊದಲ ಸಲ ಖುದ್ದಾಗಿ, ಆಮೇಲೆ ಆನ್‌ಲೈನ್. ತಪ್ಪಿದ್ರೆ 2,000 ಬಾತ್ ದಂಡ. ಹೊರಗೆ ಹೋಗಿ ಬಂದ್ರೆ ಎಣಿಕೆ ಮತ್ತೆ ಒಂದರಿಂದ. ಇದಕ್ಕೂ ವೀಸಾ ಅವಧಿಗೂ ಸಂಬಂಧ ಇಲ್ಲ, ರಿಪೋರ್ಟ್ ಸ್ಲಿಪ್ಪಲ್ಲಿರೋ ತಾರೀಕನ್ನ ವೀಸಾ ತಾರೀಕು ಅಂದ್ಕೊಂಡು ಓವರ್‌ಸ್ಟೇ ಆಗೋರಿದಾರೆ. ಓವರ್‌ಸ್ಟೇ ದಿನಕ್ಕೆ 500 ಬಾತ್, ಗರಿಷ್ಠ 20,000, 90 ದಿನ ದಾಟಿದ್ರೆ ತಾವಾಗೇ ಹೊರಟ್ರೂ ಒಂದು ವರ್ಷ ಬ್ಯಾನ್.

ರೀ-ಎಂಟ್ರಿ ಪರ್ಮಿಟ್ ಇನ್ನೂ ಮುಖ್ಯ. ಇದಿಲ್ಲದೇ ಥಾಯ್ಲೆಂಡ್ ದಾಟಿದ್ರಿ ಅಂದ್ರೆ ನಿಮ್ಮ ಒಂದು ವರ್ಷದ ಎಕ್ಸ್‌ಟೆನ್ಷನ್ ಅಲ್ಲಿಗೆ ಸತ್ತಂಗೆ, ವಾಪಸ್ ಬಂದಾಗ ಟೂರಿಸ್ಟು. ಒಂದು ಸಲಕ್ಕೆ 1,000 ಬಾತ್, ಎಷ್ಟು ಸಲ ಬೇಕಾದ್ರೂ ಹೋಗಿಬರೋದಕ್ಕೆ 3,800. ನಮ್ಮ ವಯಸ್ಸಲ್ಲಿ ಊರಿಂದ ರಾತ್ರಿ ಹೊತ್ತು ಫೋನ್ ಯಾವಾಗ ಬರುತ್ತೋ ಹೇಳೋಕಾಗಲ್ಲ, ಆ ಗಡಿಬಿಡಿಲಿ ಟಿಕೆಟ್ ಹುಡುಕ್ತೀರೋ ಇಮಿಗ್ರೇಷನ್ ಆಫೀಸ್ ಹುಡುಕ್ತೀರೋ. ಎಕ್ಸ್‌ಟೆನ್ಷನ್ ಆದ ದಿನವೇ ಟಿಎಂ 8 ತುಂಬಿ 3,800 ಕಟ್ಟಿ ಮಲ್ಟಿಪಲ್ ಹಾಕಿಸ್ಕೊಂಡುಬಿಡಿ. ಮರೆತಿದ್ರೆ ಸುವರ್ಣಭೂಮಿಲಿ ಹೊರಡೋ ಕಡೆ ಒಂದು ಕೌಂಟರ್ ಇದೆ, ಪಾಸ್‌ಪೋರ್ಟ್ ಕಂಟ್ರೋಲಿಗೆ ಹೋಗೋ ಮುಂಚೆ ಕೇಳಿ.

ಕೆಲಸ ಮಾಡೋ ಹಾಗಿಲ್ಲ, ಸಂಬಳ ಇಲ್ಲದ ಸೇವೆಗೂ ಪರ್ಮಿಟ್ ಬೇಕು.

9. ಟ್ಯಾಕ್ಸು, ಮನೆ, ಆಸ್ಪತ್ರೆ

ವರ್ಷದಲ್ಲಿ 180 ದಿನ ಇದ್ರೆ ಅಲ್ಲಿಯ ಟ್ಯಾಕ್ಸ್ ರೆಸಿಡೆಂಟ್. 2024ರ ಜನವರಿ 1ರಿಂದ ಹೊರದೇಶದ ಆದಾಯವನ್ನ ಯಾವ ವರ್ಷ ಒಳಗೆ ತಂದ್ರೂ ಲೆಕ್ಕಕ್ಕೆ ಬರುತ್ತೆ, ಮುಂಚೆ ಒಂದು ವರ್ಷ ಬಿಟ್ಟು ತಂದ್ರೆ ಬಿಟ್ಟುಬಿಡ್ತಿದ್ರು. ಆದ್ರೆ 2024ಕ್ಕೆ ಮುಂಚೆ ದುಡಿದು ಉಳಿಸಿದ್ದಕ್ಕೆ ಟ್ಯಾಕ್ಸ್ ಇಲ್ಲ. ಹಾಗಾಗಿ 2023ರ ಡಿಸೆಂಬರ್ 31ರ ದಿನ ನಿಮ್ಮ ಎಫ್‌ಡಿ, ಸೇವಿಂಗ್ಸಲ್ಲಿ ಎಷ್ಟಿತ್ತು ಅನ್ನೋ ಸ್ಟೇಟ್‌ಮೆಂಟ್ ಸೀಲ್ ಹಾಕಿಸಿ ಇಟ್ಕೊಳ್ಳಿ, 8 ಲಕ್ಷ ಬಾತ್ ಎಲ್ಲಿಂದ ಬಂತು ಅಂದ್ರೆ ಅದೇ ಉತ್ತರ. ಎರಡು ದೇಶಗಳ ಮಧ್ಯೆ ತೆರಿಗೆ ಒಪ್ಪಂದ ಇದೆ, ಪೆನ್ಷನ್ ಬಗ್ಗೆ ಎರಡೂ ಕಡೆ ಗೊತ್ತಿರೋ ಸಿಎ ಹತ್ರ ಕೂತು ಮಾತಾಡಿ.

ಜಮೀನು ನಿಮ್ಮ ಹೆಸರಿಗೆ ಆಗಲ್ಲ. ಕಾಂಡೋ ಆಗುತ್ತೆ, ಕಟ್ಟಡದ ಒಟ್ಟು ಏರಿಯಾದ 49%ವರೆಗೂ ಫಾರಿನರ್ಸ್ ತಗೋಬಹುದು. ಮೊದಲ ವರ್ಷ ಬಾಡಿಗೆಗೇ ಇರಿ ಅನ್ನೋದು ನನ್ನ ಮಾತು. ಚಿಯಾಂಗ್ ಮೈ ಡಿಸೆಂಬರಲ್ಲಿ ನೋಡಿ ಮರುಳಾಗಿ ಅಡ್ವಾನ್ಸ್ ಕೊಟ್ಟವ್ರು ಮಾರ್ಚ್‌ನ ಹೊಗೆ ನೋಡಿದ್ರೆ ಗೊತ್ತಾಗುತ್ತೆ, ಗದ್ದೆ ಕಾಡು ಸುಡೋ ಕಾಲ, ಎದುರಿಗಿರೋ ದೊಯ್ ಸುಥೇಪ್ ಬೆಟ್ಟವೇ ಕಾಣಲ್ಲ. ಉಬ್ಬಸ ಇರೋರಿಗೆ ಕಡಲತೀರದ ಊರು ಹುವಾ ಹಿನ್ ವಾಸಿ. ಸಸ್ಯಾಹಾರಿಗಳು ಹಳದಿ ಬಾವುಟದಲ್ಲಿ ಕೆಂಪಕ್ಷರ ಇರೋ ಅಂಗಡಿ ಹುಡುಕಿ, ಮಿಕ್ಕ ಕಡೆ ಬರೀ ತರಕಾರಿ ಅಂದ್ರೂ ಮೀನಿನ ಸಾಸ್ ಬಿದ್ದಿರುತ್ತೆ.

ಊರಿನ ಹೆಲ್ತ್ ಪಾಲಿಸಿ ಸಾಮಾನ್ಯವಾಗಿ ಅಲ್ಲಿ ನಡೆಯಲ್ಲ. ಒ ದಾರೀಲಿ ಇನ್ಶೂರೆನ್ಸ್ ಕಡ್ಡಾಯ ಇಲ್ಲ ಅಂದ್ರೆ ಬೇಡ ಅಂತಲ್ಲ, 8 ಲಕ್ಷ ಬಾತ್ ವೀಸಾಗೆ ಕಟ್ಟಿಹಾಕಿದ ದುಡ್ಡು, ಅದನ್ನ ಆಪರೇಷನ್ನಿಗೆ ತೆಗೆದ್ರೆ ಮುಂದಿನ ವರ್ಷದ ಸ್ಟ್ಯಾಂಪಿಲ್ಲ. ಊರಿನ ಪಾಲಿಸಿನೂ ನಿಲ್ಲಿಸ್ಬೇಡಿ, ದೊಡ್ಡ ಚಿಕಿತ್ಸೆ ಅಂದ್ರೆ ನಾಲ್ಕು ಗಂಟೆ ಫ್ಲೈಟು ತಾನೇ.

10. ವಿಲ್ಲು

ಯಾರೂ ಮಾತಾಡೋಕೆ ಇಷ್ಟಪಡದ ವಿಷಯ. ಅಕೌಂಟು ಒಬ್ಬರದೇ ಹೆಸರಲ್ಲಿರೋದ್ರಿಂದ ಅವ್ರು ಹೋದ್ರೆ ಆ 8 ಲಕ್ಷ ಥಾಯ್ ಕೋರ್ಟ್ ಆರ್ಡರ್ ಬರೋವರೆಗೂ ಕೈಗೆ ಸಿಗಲ್ಲ. ಅದೇ ಹೊತ್ತಿಗೆ ಡಿಪೆಂಡೆಂಟ್ ಆಗಿದ್ದ ಹೆಂಡ್ತಿಗೋ ಗಂಡನಿಗೋ ಅಲ್ಲಿ ಇರೋ ಆಧಾರವೂ ಹೋಗುತ್ತೆ. ಊರಲ್ಲಿ ಬರೆಸಿರೋ ವಿಲ್ ಜೊತೆಗೆ ಥಾಯ್ಲೆಂಡಿನ ಆಸ್ತಿಗೆ ಮಾತ್ರ ಅಂತ ಅಲ್ಲಿಯ ವಕೀಲರ ಹತ್ರ ಇನ್ನೊಂದು ವಿಲ್ ಬರೆಸಿ, ಥಾಯ್ ಮತ್ತೆ ಇಂಗ್ಲಿಷ್ ಎರಡರಲ್ಲೂ, ಒಂದು ವಿಲ್ ಇನ್ನೊಂದನ್ನ ರದ್ದು ಮಾಡದ ಹಾಗೆ ನೋಡ್ಕೊಂಡು. ಮನೆಯವ್ರಿಗೂ 50 ದಾಟಿದ್ದು ಕೈಲಿ ದುಡ್ಡಿದ್ರೆ ಅವ್ರ ಹೆಸರಲ್ಲೇ ಬೇರೆ 8 ಲಕ್ಷ ಇಟ್ಟು ಅವ್ರದೇ ಸ್ವಂತ ಎಕ್ಸ್‌ಟೆನ್ಷನ್ ಮಾಡಿಸೋದು ಒಳ್ಳೇದು. ಅಷ್ಟು ಆಗಲ್ಲಾಂದ್ರೆ ಕನಿಷ್ಠ ಅವ್ರ ಹೆಸರಲ್ಲಿ ಒಂದು ಸಣ್ಣ ಅಕೌಂಟ್ ತೆಗೆದು ಮೂರು ತಿಂಗಳ ಖರ್ಚು, ಊರಿಗೆ ವಾಪಸ್ ಬರೋ ಟಿಕೆಟ್ ದುಡ್ಡು ಅದರಲ್ಲಿ ಹಾಕಿಡಿ, ಪಾಸ್‌ಬುಕ್ ಎಲ್ಲಿದೆ ಅಂತ ಊರಲ್ಲಿರೋ ಮಕ್ಕಳಿಗೂ ಹೇಳಿಡಿ.